ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಸರಿಯಾಗಿದ್ದರೆ ನಿಶ್ಚಿಂತೆಯಿಂದ ಇರಬಹುದೇ?

ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿದು ವಾರ್ಡಿಗೆ ಬಂದ ರೋಗಿಯ ರಕ್ತದೊತ್ತಡ ಸರಿಯಾಗಿದ್ದರೆ ನರ್ಸ್ ನಿಶ್ಚಿಂತರಾಗಬಹುದೇ ಎಂದು ಕೇಳಿದ್ದೀರಿ. ಆಗಬಾರದು ಎಂಬುದೇ ನನ್ನ ಉತ್ತರ.

ಒಳಗೆ ರಕ್ತಸ್ರಾವವಾಗುತ್ತಿದ್ದರೂ ದೇಹವು ಹೃದಯ ಬಡಿತವನ್ನು ಹೆಚ್ಚಿಸಿ, ಚರ್ಮ ಮತ್ತು ಮೂತ್ರಪಿಂಡಗಳ ರಕ್ತನಾಳಗಳನ್ನು ಸಂಕುಚಿಸಿ, ಒತ್ತಡವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಒಟ್ಟು ರಕ್ತದ ಸುಮಾರು ಶೇ. 30ರಷ್ಟು ನಷ್ಟವಾಗುವವರೆಗೂ ಸಿಸ್ಟೋಲಿಕ್ ಅಂಕಿ (ರಕ್ತದೊತ್ತಡದ ಮೇಲಿನ ಅಂಕಿ) ಕುಸಿಯದೆ ಇರಬಹುದು. ಆದ್ದರಿಂದ ನಾಡಿ ನಿಮಿಷಕ್ಕೆ 100 ದಾಟಿದೆಯೇ, ಉಸಿರಾಟ ವೇಗವಾಗಿದೆಯೇ, ಕೈಕಾಲು ತಣ್ಣಗಾಗಿವೆಯೇ, ರೋಗಿ ಕಾರಣವಿಲ್ಲದೆ ಚಡಪಡಿಸುತ್ತಿದ್ದಾರೆಯೇ ಎಂಬುದನ್ನು ಮೊದಲು ಗಮನಿಸಬೇಕು. ಮೂತ್ರದ ಪ್ರಮಾಣ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿ.ಲೀ.ಗಿಂತ, ಅಂದರೆ 60 ಕಿಲೋ ತೂಗುವವರಲ್ಲಿ 30 ಮಿ.ಲೀ.ಗಿಂತ ಕಡಿಮೆಯಾದರೆ, ಅದನ್ನು ಚಾರ್ಟಿನಲ್ಲಿ ಬರೆದು ಸುಮ್ಮನಾಗುವಂತಿಲ್ಲ.

ವಿವೇಚನೆ ಬೇಕಾಗುವುದು ಇಲ್ಲಿಯೇ. ನಾಡಿಯ ವೇಗಕ್ಕೆ ನೋವು ಅಥವಾ ಜ್ವರವೂ ಕಾರಣವಾಗಬಹುದು. ಹೃದಯ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ರಕ್ತಸ್ರಾವವಿದ್ದರೂ ನಾಡಿ ಏರದೇ ಇರಬಹುದು. ಹೊಟ್ಟೆಯೊಳಗಿನ ರಕ್ತ, ದ್ರವವನ್ನು ನಳಿಕೆಯ ಮೂಲಕ ಹೊರಗೆ ಸಂಗ್ರಹಿಸುವ ಡ್ರೈನ್ ಚೀಲ ಖಾಲಿಯಿದ್ದರೂ ನಂಬುವಂತಿಲ್ಲ, ಏಕೆಂದರೆ ನಳಿಕೆಯು ಹೆಪ್ಪುಗಟ್ಟಿದ ರಕ್ತದಿಂದ ಕಟ್ಟಿಕೊಂಡಿರಬಹುದು. ಹೀಗಾಗಿ ಒಂದು ಹೊತ್ತಿನ ಅಂಕಿಗಿಂತ, ಶಸ್ತ್ರಚಿಕಿತ್ಸೆಗೆ ಮುಂಚಿನ ದಾಖಲೆಯೊಂದಿಗೆ ಹೋಲಿಸಿದಾಗ ಗಂಟೆಗಂಟೆಗೆ ಕಾಣುವ ಬದಲಾವಣೆ ಹೆಚ್ಚು ಮುಖ್ಯ. “ಇವರು ಎಂದಿನಂತಿಲ್ಲ” ಎಂದು ಮನೆಯವರು ಹೇಳಿದರೆ, ಆ ಮಾತಿಗೂ ತೂಕವಿದೆ.

ಅನುಮಾನ ಬಂದಾಗ ಒತ್ತಡ ಕುಸಿಯಲೆಂದು ಕಾಯದೆ ವೈದ್ಯರನ್ನು ಕರೆಯಿರಿ; “ಯಾಕೋ ಸರಿ ಕಾಣುತ್ತಿಲ್ಲ” ಎಂದಷ್ಟೇ ಹೇಳದೆ, “ಎರಡು ಗಂಟೆಯಲ್ಲಿ ನಾಡಿ 84ರಿಂದ 118ಕ್ಕೆ ಏರಿದೆ, ಕಳೆದ ಗಂಟೆಯ ಮೂತ್ರ 15 ಮಿ.ಲೀ. ಮಾತ್ರ” ಎಂದು ನಿಖರವಾಗಿ ತಿಳಿಸಿ.