‘ಯಾರೂ ಮಾತಾಡಿಸುವುದಿಲ್ಲ, ಕೆಲಸ ಬಿಡಲೇ?’

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನನಗೆ 20 ವರ್ಷ, ಊರು ಗದಗ ಜಿಲ್ಲೆಯ ಒಂದು ಹಳ್ಳಿ. ಪಿಯುಸಿ ಆದಮೇಲೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಮಾಡಿದೆ. ಫೀಸಿಗೆ ಅವ್ವ ಸಂಘದಲ್ಲಿ ಸಾಲ ತೆಗೆದಿದ್ದಾಳೆ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ಎರಡು ತಿಂಗಳಾಯಿತು, ಇದೇ ಮೊದಲ ಕೆಲಸ. ನಮ್ಮ ವಾರ್ಡಿನಲ್ಲಿ ಐದಾರು ವರ್ಷದಿಂದ ಇರುವ ಮೂವರು ಅಕ್ಕಂದಿರಿದ್ದಾರೆ. ನಾನು ಒಳಗೆ ಹೋದರೆ ಅವರ ಮಾತು ನಿಲ್ಲುತ್ತದೆ. ಏನಾದರೂ ಕೇಳಿದರೆ ‘ಸರ್ಟಿಫಿಕೇಟ್ ತಗೊಂಡು ಬಂದೀಯಲ್ಲ, ನಿನಗ ಗೊತ್ತಿರಬೇಕು’ ಅನ್ನುತ್ತಾರೆ. ಬೆಡ್‌ಪ್ಯಾನ್, ಮೈ ಒರೆಸುವುದು ಎಲ್ಲ ನನಗೇ. ದಪ್ಪ ಇರುವ ರೋಗಿಯನ್ನು ಹೊರಳಿಸಲು ಕರೆದರೆ ಯಾರೂ ಬರುವುದಿಲ್ಲ. ನಾನು ಬಿಪಿ ನೋಡಿದ್ದರೂ ‘ಇವಳು ನೋಡೇ ಇಲ್ಲ’ ಅಂತ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದರು. ಒಂದು ರಾತ್ರಿ ರೋಗಿಗೆ ಇಂಜೆಕ್ಷನ್ ನೀನೇ ಕೊಡು ಅಂದರು, ನಾನು ಒಲ್ಲೆ ಅಂದಿದ್ದಕ್ಕೆ ನಾಲ್ಕು ದಿನ ಮಾತೇ ಬಿಟ್ಟರು. ಈಗ ನಾನು ಏನೂ ಕೇಳುವುದನ್ನೇ ನಿಲ್ಲಿಸಿದ್ದೇನೆ. ರಜೆಗೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಅಳುತ್ತಾ ಹೋಗುತ್ತೇನೆ. ಅವ್ವನಿಗೆ ಹೇಳಿಲ್ಲ. ಕೆಲಸ ಬಿಡಲೇ?

ಉತ್ತರ: ತಂಗಿ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅವರು ಮಾತು ಬಿಟ್ಟಿದ್ದು, ಚಾಡಿ ಹೇಳಿದ್ದು ಓದಿ ಬೇಜಾರಾಯಿತು. ಆದರೆ ನನಗೆ ಹೆದರಿಕೆ ಆಗಿದ್ದು ಒಂದೇ ಸಾಲಿಗೆ. ‘ಈಗ ನಾನು ಏನೂ ಕೇಳುವುದನ್ನೇ ನಿಲ್ಲಿಸಿದ್ದೇನೆ’ ಅಂತ ಬರೆದಿದ್ದೀಯಲ್ಲ, ಅದು. ಕೆಲಸ ಬಿಡುವುದೋ ಇರುವುದೋ ಆಮೇಲೆ ನೋಡೋಣ. ಮೊದಲು ಇದು ಸರಿಯಾಗಬೇಕು.

ಯಾಕೆ ಅಂತ ನನ್ನದೇ ಅನುಭವ ಹೇಳುತ್ತೇನೆ. ಆಗ ನಾನೂ ನಿನ್ನ ವಯಸ್ಸಿನವಳು. ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ರಾತ್ರಿ ಡ್ಯೂಟಿ. ಮೇಲಿನ ಸಿಸ್ಟರ್ ಬಹಳ ಸಿಟ್ಟಿನವರು. ಹಿಂದಿನ ರಾತ್ರಿಯಷ್ಟೇ ಏನೋ ಸಣ್ಣದು ಕೇಳಿದ್ದಕ್ಕೆ ರೋಗಿಗಳ ಮುಂದೆಯೇ ‘ನಿನ್ನನ್ನ ಯಾರು ಪಾಸ್ ಮಾಡಿದರು’ ಅಂದಿದ್ದರು. ಆ ರಾತ್ರಿ ಪ್ರಾಸ್ಟೇಟ್ ಆಪರೇಷನ್ ಆದ ಅಜ್ಜ ಒಬ್ಬರ ಯೂರಿನ್ ಬ್ಯಾಗ್ ಹನ್ನೊಂದು ಗಂಟೆಗೆ ಎಷ್ಟಿತ್ತೋ ಒಂದು ಗಂಟೆಗೂ ಅಷ್ಟೇ ಇತ್ತು. ನನಗೆ ಅದು ಕಂಡಿತ್ತು. ಅಜ್ಜ ಕೆಳಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದರು. ಆಪರೇಷನ್ ಆದವರು ನರಳುತ್ತಾರೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ, ಯಾಕೆಂದರೆ ಸಿಸ್ಟರ್ ಹತ್ತಿರ ಹೋಗಿ ಎಬ್ಬಿಸುವ ಧೈರ್ಯ ನನಗಿರಲಿಲ್ಲ. ಬೆಳಗ್ಗೆ ಐದಕ್ಕೆ ಡಾಕ್ಟರ್ ಬಂದು ನೋಡಿದರೆ ನಳಿಕೆಯಲ್ಲಿ ರಕ್ತದ ಗಡ್ಡೆ ಸಿಕ್ಕಿಕೊಂಡು ಮೂತ್ರಕೋಶ ಕಲ್ಲಿನ ಹಾಗೆ ಬಿಗಿದಿತ್ತು. ತೊಳೆದು ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಹತ್ತು ನಿಮಿಷದ ಕೆಲಸಕ್ಕೆ ಅಜ್ಜ ನಾಲ್ಕು ತಾಸು ಒದ್ದಾಡಿದ್ದರು. ಗುಣವಾಗಿ ಮನೆಗೆ ಹೋಗುವಾಗ ನನ್ನ ತಲೆ ಮೇಲೆ ಕೈಯಿಟ್ಟು ‘ಚಲೋ ಆಗಲಿ ತಂಗಿ’ ಅಂದರು. ನಾನು ಅವರ ಮುಖ ನೋಡಲಿಲ್ಲ.

ಆ ಸಿಸ್ಟರ್ ಹಾಗೆ ಬೈಯಬಾರದಿತ್ತು, ಅದು ಅವರ ತಪ್ಪು. ಕಂಡಿದ್ದನ್ನು ಹೇಳದೆ ಇದ್ದಿದ್ದು ನನ್ನ ತಪ್ಪು. ಇಬ್ಬರ ತಪ್ಪನ್ನೂ ಅನುಭವಿಸಿದ್ದು ಹಾಸಿಗೆ ಮೇಲಿದ್ದವರು. ಅದಕ್ಕೇ ಹೇಳುತ್ತೇನೆ, ಅವರು ನಿನ್ನ ಜೊತೆ ಮಾತು ಬಿಟ್ಟರೂ ರೋಗಿಯ ವಿಷಯದಲ್ಲಿ ನೀನು ಮಾತು ಬಿಡಬೇಡ.

ಹೇಗೆ ಕೇಳಬೇಕು ಅನ್ನುವುದನ್ನು ಸ್ವಲ್ಪ ಕಲಿಯಬೇಕಾಗುತ್ತದೆ. ‘ಅಕ್ಕಾ, ಇದು ಹೆಂಗ್ರಿ?’ ಅಂತ ಬರೀ ಕೇಳಿದರೆ ‘ಅಷ್ಟೂ ಗೊತ್ತಿಲ್ವಾ’ ಅನ್ನಲು ಜಾಗ ಸಿಗುತ್ತದೆ. ಅದರ ಬದಲು ಬೆಡ್ ನಂಬರ್, ನೀನು ನೋಡಿದ್ದು, ನೋಡಿದ ಹೊತ್ತು, ಅವರಿಂದ ಏನು ಬೇಕು, ಇಷ್ಟನ್ನೇ ಒಂದೇ ಉಸಿರಿಗೆ ಹೇಳು. ‘ಅಕ್ಕಾರ, ಏಳನೇ ಬೆಡ್ ಅಜ್ಜಾರ ಬ್ಯಾಗ್ ಹತ್ತು ಗಂಟೆಯಿಂದ ಹಂಗ ಐತಿ, ಹೊಟ್ಟಿ ಬಿಗದೈತಿ, ಒಂದ್ಸಲ ಬಂದು ನೋಡ್ರಿ.’ ಇದರಲ್ಲಿ ನಿನ್ನ ಬಗ್ಗೆ ಏನೂ ಇಲ್ಲ, ಎಲ್ಲ ಅಜ್ಜನ ಬಗ್ಗೆ. ಇದಕ್ಕೆ ವ್ಯಂಗ್ಯವಾಡುವುದು ಕಷ್ಟ. ಅವರು ಕೇಳಿಸಿಕೊಳ್ಳದಿದ್ದರೆ ಅಲ್ಲೇ ನಿಂತು ಕಾಯಬೇಡ, ಸೀದಾ ಸ್ಟಾಫ್ ನರ್ಸ್ ಹತ್ತಿರ ಹೋಗು. ಅವರೂ ಇಲ್ಲದಿದ್ದರೆ ಇನ್‌ಚಾರ್ಜ್, ಇಲ್ಲವೇ ಡ್ಯೂಟಿ ಡಾಕ್ಟರ್. ಇದು ಚಾಡಿ ಆಗುವುದಿಲ್ಲ. ಸುಮ್ಮನೆ ಮಲಗಿರುವ ದೊಡ್ಡವರ ನಾಡಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಅಥವಾ 100ಕ್ಕಿಂತ ಜಾಸ್ತಿ ಇದ್ದರೆ, ಉಸಿರು 12ರಿಂದ 20ರ ಆಚೀಚೆ ಹೋದರೆ, ಆಕ್ಸಿಜನ್ 95ರ ಕೆಳಗೆ ಬಂದರೆ ಯಾರ ಮುಖ ಹೇಗಿದೆ ಅಂತ ನೋಡಲು ಹೋಗಬೇಡ, ಹೇಳು.

ಬಿಪಿ ವಿಷಯಕ್ಕೆ ಬರೋಣ. ನೋಡಿದ ತಕ್ಷಣ, ಆ ಬೆಡ್ ಪಕ್ಕದಲ್ಲೇ ನಿಂತು, ಚಾರ್ಟಿನಲ್ಲಿ ಹೊತ್ತಿನ ಸಮೇತ ಬರೆದು ಸಹಿ ಮಾಡು. ಹತ್ತು ಜನರದು ನೋಡಿ ಕೊನೆಗೆ ಒಟ್ಟಿಗೆ ಬರೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡು, ಯಾರಾದರೂ ‘ಇವಳು ನೋಡೇ ಇಲ್ಲ’ ಅನ್ನಲು ಅನುಕೂಲ ಆಗುವುದು ಅಲ್ಲೇ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ. ತಾರೀಖು, ಹೊತ್ತು, ಬೆಡ್ ನಂಬರ್, ಯಾರಿಗೆ ಏನು ಹೇಳಿದೆ, ಇಷ್ಟೇ. ರೋಗಿಯ ಹೆಸರು, ಕಾಯಿಲೆ ಅದರಲ್ಲಿ ಬರೆಯಬೇಡ, ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ಅವರು ಯಾಕೆ ಹೀಗೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಐದಾರು ವರ್ಷ ಮೈ ಮುರಿದು ಕೆಲಸ ಕಲಿತವರು ಅವರು. ಎಷ್ಟೋ ಕಡೆ ಅವರ ಹತ್ತಿರ ಸರ್ಟಿಫಿಕೇಟ್ ಇರುವುದಿಲ್ಲ, ಪಗಾರ ಹೆಚ್ಚಿರುವುದಿಲ್ಲ, ಹೊಸಬಳು ಬಂದ ದಿನವೇ ತಮ್ಮ ಹತ್ತಿರಹತ್ತಿರದ ಪಗಾರಕ್ಕೆ ಸೇರುತ್ತಾಳೆ. ಮೇಲಿಂದ, ಹೊಸಬರು ಬಂದು ಮೂರು ತಿಂಗಳಿಗೆ ಬಿಟ್ಟು ಹೋಗುವುದನ್ನು ನೋಡಿ ನೋಡಿ ಕಲಿಸುವ ಉತ್ಸಾಹವೇ ಹೋಗಿರುತ್ತದೆ. ನಿನ್ನನ್ನು ಕಾಡಲು ಇದು ಕಾರಣ ಇರಬಹುದು, ಕಾಡಿದ್ದು ಸರಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಅವರ ಸಿಟ್ಟಿನ ಬಹುಭಾಗ ನೀನು ಬರುವ ಮೊದಲೇ ಆ ವಾರ್ಡಿನಲ್ಲಿತ್ತು ಅಂತ ಗೊತ್ತಾದರೆ ನಿನ್ನ ಎದೆಯ ಭಾರ ಸ್ವಲ್ಪ ಇಳಿಯುತ್ತದೆ.

ದಪ್ಪ ಇರುವ ರೋಗಿಯನ್ನು ಒಬ್ಬಳೇ ಎತ್ತಬೇಡ. ಇದರಲ್ಲಿ ಹಟ ಬೇಡ, ನನ್ನ ಸೊಂಟ ಹೋಗಿದ್ದೇ ಹೀಗೆ. ಎದ್ದೇಳಲಾಗದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಅಂತ ನಿನಗೆ ಗೊತ್ತು, ಇಲ್ಲದಿದ್ದರೆ ಬೆನ್ನು, ಹಿಮ್ಮಡಿ ಹುಣ್ಣಾಗುತ್ತದೆ. ಕೆಲಸದ ನಡುವೆ ‘ಬರ್ರಿ’ ಅಂತ ಕರೆದರೆ ಯಾರೂ ಬರುವುದಿಲ್ಲ, ಒಳ್ಳೆಯವರೂ ಬರುವುದಿಲ್ಲ, ಅವರ ಕೈಯಲ್ಲೂ ಕೆಲಸ ಇರುತ್ತದೆ. ಡ್ಯೂಟಿ ಶುರುವಾಗುವಾಗಲೇ ಮಾತಾಡಿಕೋ. ‘ನಿಮ್ಮ ಒಂಬತ್ತನೇ ಬೆಡ್‌ಗೆ ನಾನು ಬರ್ತೀನ್ರಿ, ಹನ್ನೊಂದನೇದಕ್ಕ ನೀವು ಬರ್ರಿ’ ಅಂತ. ಮೊದಲು ನೀನೇ ಅವರ ಬೆಡ್‌ಗೆ ಹೋಗಿ ನಿಲ್ಲು. ಇಬ್ಬರೂ ರೋಗಿಯ ಕೆಳಗೆ ಅಡ್ಡ ಹಾಸಿದ ಬೆಡ್‌ಶೀಟ್ ಹಿಡಿದು ಒಟ್ಟಿಗೆ ಎಳೆಯುವಾಗ ಒಂದಾದರೂ ಮಾತು ಆಡಲೇಬೇಕಾಗುತ್ತದೆ, ‘ಒಂದು, ಎರಡು, ಎಳಿ’ ಅಂತಲಾದರೂ. ಎಷ್ಟೋ ಜಗಳ ಹೀಗೇ ಮುರಿದಿದ್ದನ್ನು ನಾನು ನೋಡಿದ್ದೇನೆ.

ಮೂವರನ್ನೂ ಒಟ್ಟಿಗೆ ಒಲಿಸಿಕೊಳ್ಳಲು ಹೋಗಬೇಡ. ಮೂವರು ಸೇರಿದಾಗ ಒಬ್ಬರ ಮುಂದೆ ಒಬ್ಬರು ಬಿಗಿಯಾಗಿರುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಯಾವುದೋ ಒಂದು ಕೆಲಸ ಬಹಳ ಚೆನ್ನಾಗಿ ಬರುತ್ತದೆ, ಗಮನಿಸು. ಮಾತಾಡಲೂ ಆಗದ ರೋಗಿಗೆ ನೋವಾಗದ ಹಾಗೆ ಬಾಯಿ ಸ್ವಚ್ಛ ಮಾಡುವುದು, ಹಟ ಮಾಡುವ ಅಜ್ಜಿಗೆ ಊಟ ಮಾಡಿಸುವುದು, ಇಂಥದ್ದು. ರಾತ್ರಿ ಡ್ಯೂಟಿಯಲ್ಲಿ ಅವರು ಒಬ್ಬರೇ ಸಿಕ್ಕಾಗ ಅದನ್ನು ಕಲಿಸಿ ಅಂತ ಕೇಳು. ಸುಮ್ನೆ ಹೊಗಳಬೇಡ, ನಿಜವಾಗಿ ಕಲಿಯಬೇಕು ಅನ್ನಿಸಿದ್ದನ್ನೇ ಕೇಳು. ಹಾಗಂತ ಎಲ್ಲರ ಮೆಚ್ಚುಗೆಗೆ ಅಂತ ಅವರ ಪಾಲಿನ ಬೆಡ್‌ಪ್ಯಾನನ್ನೂ ಮೈಮೇಲೆ ಹಾಕಿಕೊಳ್ಳಬೇಡ. ಬೆಡ್ ಹಂಚಿಕೆ ಇನ್‌ಚಾರ್ಜ್ ಸಿಸ್ಟರ್ ಮಾಡಬೇಕು, ಅವರ ಹತ್ತಿರ ಒಬ್ಬಳೇ ಹೋಗಿ ಮಾತಾಡು. ‘ಅವರಿಗೆ ನಾನು ಕಂಡರೆ ಆಗಲ್ಲ’ ಅಂದರೆ ‘ಹೊಂದಿಕೊಂಡು ಹೋಗಮ್ಮ’ ಅನ್ನುತ್ತಾರೆ, ಮುಗಿಯಿತು. ನೋಟ್‌ಬುಕ್ ತೆಗೆದು ‘ಈ ವಾರ ಇಷ್ಟು ದಿನ ಮೈ ಒರೆಸುವುದು ಪೂರ್ತಿ ನನಗೇ ಬಂತು, ಈ ತಾರೀಖು ಹನ್ನೊಂದನೇ ಬೆಡ್ ಹೊರಳಿಸಲು ಜನ ಸಿಗಲಿಲ್ಲ’ ಅಂದರೆ ಅವರಿಗೆ ಮಾಡಲು ಏನಾದರೂ ಸಿಗುತ್ತದೆ.

ಇಂಜೆಕ್ಷನ್ ಕೊಡಲು ಒಲ್ಲೆ ಅಂದೆಯಲ್ಲ, ಅದಕ್ಕೆ ನಿನ್ನ ಬೆನ್ನು ತಟ್ಟುತ್ತೇನೆ. ಅದು ನರ್ಸಿಂಗ್ ಓದಿ, ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರ ಕೆಲಸ. ಹೆಚ್ಚು ಕಡಿಮೆ ಆದರೆ ಆ ರಾತ್ರಿ ‘ನೀನೇ ಕೊಡು’ ಅಂದವರು ಯಾರೂ ನಿನ್ನ ಪಕ್ಕ ನಿಲ್ಲುವುದಿಲ್ಲ. ಮುಂದೆ ಯಾರಾದರೂ ಹೇಳಿದರೆ ಸಿಟ್ಟಿಲ್ಲದೆ ‘ಅದು ನನ್ನ ಕೆಲಸದೊಳಗ ಬರೂದಿಲ್ರಿ, ಸಿಸ್ಟರ್‌ನ ಕರ್ಕೊಂಡು ಬರ್ತೀನಿ’ ಅಂದು ನಿಜವಾಗಿಯೂ ಕರೆದುಕೊಂಡು ಬಾ.

ಸೂಜಿಯ ಮಾತು ಬಂದಿದ್ದಕ್ಕೆ ಇನ್ನೊಂದು. ಬೈಗುಳಕ್ಕೆ ಹೆದರಿ ಸೂಜಿ ಚುಚ್ಚಿದ್ದನ್ನು ಮುಚ್ಚಿಟ್ಟ ಹುಡುಗಿಯರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡ. ಬಳಸಿದ ಸೂಜಿ ಚುಚ್ಚಿದರೆ ಹಿಂಡಬೇಡ, ಸೋಪು ನೀರಿನಲ್ಲಿ ತೊಳೆದು ಆ ಕ್ಷಣವೇ ಸಿಸ್ಟರ್‌ಗೆ ಹೇಳು. ಎಚ್‌ಐವಿ ಬರದಂತೆ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ತಾಸು ದಾಟಬಾರದು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಮೊದಲನೆಯದಾದ ಒಂದು ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. ನಿನಗೆ ಹಾಕಿದ್ದಾರಾ? ಇಲ್ಲದಿದ್ದರೆ ಈ ವಾರವೇ ಕೇಳು. ಹಾಗೆಯೇ ಕಸದ ಬಣ್ಣಗಳನ್ನು ಬಾಯಿಪಾಠ ಮಾಡಿಕೋ. ರಕ್ತದ ಬಟ್ಟೆ, ಹತ್ತಿ ಹಳದಿಗೆ, ಸಲೈನ್ ಪೈಪು, ಯೂರಿನ್ ಬ್ಯಾಗ್, ಗ್ಲೌಸ್ ಕೆಂಪಿಗೆ, ಸೂಜಿ, ಬ್ಲೇಡು ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಹೊಸಬರು ಬೈಸಿಕೊಳ್ಳುವುದು ಬಹಳ ಸಲ ಇದಕ್ಕೇ.

ಇನ್ನು ಬಿಡುವ ಪ್ರಶ್ನೆ. ಇವೆಲ್ಲ ಮಾಡಿ ಇನ್ನೊಂದೆರಡು ತಿಂಗಳು ನೋಡು. ಮೈಮೇಲೆ ಕೈ ಮಾಡಿದರೆ, ಜಾತಿ ಹಿಡಿದು ಬೈದರೆ, ನೀನು ಮಾಡದ ತಪ್ಪಿಗೆ ಸಹಿ ಹಾಕು ಅಂದರೆ ಒಂದು ದಿನವೂ ಕಾಯಬೇಡ, ಲಿಖಿತ ದೂರು ಕೊಡು, ಬೇರೆ ಕಡೆ ನೋಡು. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂಗಳಿಗೇನೂ ಕಡಿಮೆ ಇಲ್ಲ. ಬಿಡುವಾಗ ಅನುಭವ ಪತ್ರ ತೆಗೆದುಕೊಂಡೇ ಬಿಡು.

ಅವ್ವನಿಗೆ ಹೇಳು. ಸಂಘದ ಸಾಲ ತೆಗೆದವಳಿಗೆ ಮಗಳ ಅಳು ಕೇಳುವ ಗಟ್ಟಿತನವೂ ಇರುತ್ತದೆ. ನಿದ್ದೆ ಬಾರದೆ, ಡ್ಯೂಟಿಗೆ ಹೊರಡುವಾಗ ಕೈ ನಡುಗುವಷ್ಟು ಆಗಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅನ್ನಿಸಿದರೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗು, ಅಲ್ಲಿ ಡಿಮ್ಹಾನ್ಸ್ ಅಂತ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ.

ಪ್ರಶ್ನೆ: ನಾನು ಹಾವೇರಿಯಲ್ಲಿ ನರ್ಸಿಂಗ್ ಹೋಂ ಒಂದರಲ್ಲಿ ಅಸಿಸ್ಟೆಂಟ್. ಜೊತೆಗೆ ಕೆಲಸ ಮಾಡುವ ಒಬ್ಬರು ರಾತ್ರಿ ಕೆಟ್ಟ ಮೆಸೇಜ್ ಕಳಿಸುತ್ತಾರೆ, ಸ್ಟೋರ್ ರೂಮಿನಲ್ಲಿ ಮೈ ತಾಗಿಸುತ್ತಾರೆ. ಉತ್ತರ ಕೊಡದಿದ್ದಕ್ಕೆ ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದಾರೆ. ಹೊಸ ಕೆಲಸ ಅಂತ ಸಹಿಸಿಕೊಂಡಿದ್ದೇನೆ.

ಉತ್ತರ: ಸಹಿಸಬೇಡಿ. ಇದು ಲೈಂಗಿಕ ಕಿರುಕುಳ, 2013ರ ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಮೂರು ತಿಂಗಳೊಳಗೆ ಬರೆದು ದೂರು ಕೊಡಿ. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಒಂದು ಮೆಸೇಜನ್ನೂ ಅಳಿಸಬೇಡಿ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಹದಿನೈದು ವರ್ಷದಿಂದ ವಾರ್ಡ್ ಕೆಲಸ ಮಾಡುತ್ತಿದ್ದೇನೆ. ಹೊಸ ಹುಡುಗಿಯರಿಗೆ ಏನು ಹೇಳಿದರೂ ಅಳುತ್ತಾರೆ. ಮೊನ್ನೆ ಒಬ್ಬಳಿಗೆ ಎಲ್ಲರ ಮುಂದೆ ಜೋರು ಮಾಡಿದೆ, ಈಗ ಆಕೆ ನನ್ನ ಹತ್ತಿರವೇ ಬರುತ್ತಿಲ್ಲ. ನನ್ನದು ತಪ್ಪಾಯಿತೇ?

ಉತ್ತರ: ಕೇಳಬೇಕು ಅನ್ನಿಸಿತಲ್ಲ, ನನಗೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ತಪ್ಪು ತೋರಿಸಿದ್ದು ತಪ್ಪಲ್ಲ, ಎಲ್ಲರ ಮುಂದೆ ಜೋರು ಮಾಡಿದ್ದು ತಪ್ಪು. ಆಕೆ ನಿಮ್ಮ ಹತ್ತಿರ ಬರುವುದನ್ನು ಬಿಟ್ಟರೆ ರೋಗಿಗೆ ಏನಾಗುತ್ತದೆ ಅಂತ ಮೇಲಿನ ಉತ್ತರದಲ್ಲಿ ಬರೆದಿದ್ದೇನೆ, ಓದಿ. ನಾಳೆ ಹ್ಯಾಂಡೋವರ್ ಮುಗಿದ ಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು ‘ಮೊನ್ನೆ ಜೋರು ಮಾಡಿದೆ, ಹಂಗ ಮಾಡಬಾರದಿತ್ತು’ ಅನ್ನಿ. ಆಮೇಲೆ ಯಾವ ಕೆಲಸದಲ್ಲಿ ಆಕೆ ತಪ್ಪಿದಳೋ ಅದನ್ನು ನಿಮ್ಮ ಕೈಯಿಂದ ಒಮ್ಮೆ ಮಾಡಿ ತೋರಿಸಿ, ಆಕೆಯ ಕೈಯಿಂದ ಒಮ್ಮೆ ಮಾಡಿಸಿ. ಏನಾಯಿತು ಅಂತ ನನಗೆ ಬರೆಯಿರಿ.