ಆಫರ್ ಲೆಟರ್ ಕೈಯಾಗ ಐತಿ, ಸಾಲಕ್ಕ ಈಗ ಅರ್ಜಿ ಹಾಕ್ಲೋ ಜಾಯಿನ್ ಆದಮ್ಯಾಲ ಹಾಕ್ಲೋ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾನು ಬೆಟಗೇರಿಯಾಂವ, ನಾಕು ವರ್ಷದಿಂದ ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಂಪನಿಯೊಳಗ ಕ್ವಾಲಿಟಿ ಸೆಕ್ಷನ್ನಿನ್ಯಾಗ ಅದೀನಿ, ದಿನಾ ಗದಗದಿಂದ ಟ್ರೇನಿಗೆ ಹೋಗಿ ಬರ್ತೀನಿ. ಕೈಗೆ ಪಗಾರ 27,000. ಈಗ ಬೆಂಗಳೂರಾಗ 6 ಲಕ್ಷದ ಪ್ಯಾಕೇಜ್ ಸಿಕ್ಕೈತ್ರಿ, ಜುಲೈ 17ಕ್ಕ ಜಾಯಿನಿಂಗ್, ಇನ್ನೂ ರಿಸೈನ್ ಮಾಡಿಲ್ಲ. ಅಲ್ಲಿ ರೂಮಿನ ಅಡ್ವಾನ್ಸು, ದೀಪಾವಳಿ ಆದಮ್ಯಾಲ ತಂಗಿ ಮದುವಿ, ಎಲ್ಲಾ ಕೂಡಿ 3 ಲಕ್ಷ ಬೇಕು. ಬೈಕಿನ ಇಎಂಐ 3,100 ಇನ್ನೂ 14 ತಿಂಗ್ಳ ಐತಿ. ಜೋಡಿ ಕೆಲಸ ಮಾಡೋರು "ರಿಸೈನ್ ಕೊಡೂಕಿಂತ ಮೊದ್ಲ ಲೋನ್ ಎತ್ತಿಬಿಡು, ಆಮ್ಯಾಲ ಆರು ತಿಂಗ್ಳ ಯಾರೂ ಕೊಡಂಗಿಲ್ಲ" ಅಂತಾರ. ಎರಡು ಆ್ಯಪಿನ್ಯಾಗ ಹಾಕಿದ್ದೆ, ಒಂದು ರಿಜೆಕ್ಟ್ ಆತು. ಪಗಾರದ ಬ್ಯಾಂಕಿನಿಂದ ಪ್ರೀ ಅಪ್ರೂವ್ಡ್ ಅಂತ ಮೆಸೇಜ್ ಬಂದೈತಿ. ಏನ್ ಮಾಡ್ಲಿ?

ಉತ್ತರ: ಮೊದ್ಲ ಅಭಿನಂದನೆ ತಮ್ಮಾ, ನಾಕು ವರ್ಷ ಮುಂಜಾನೆದ್ದು ಟ್ರೇನ್ ಹಿಡಿದಾಂವಗ ಈ ಕೆಲಸ ಸಿಕ್ಕಿದ್ದು ಕೇಳಿ ಖರೇನ ಖುಷಿ ಆತು. ಇನ್ನೊಂದು, ಇವತ್ತಿಂದ ಯಾವ ಆ್ಯಪಿಗೂ ಅರ್ಜಿ ಹಾಕಬ್ಯಾಡ್ರಿ. ನೀವು ಅರ್ಜಿ ಹಾಕಿದಾಗೊಮ್ಮೆ ಅವರು ನಿಮ್ಮ ಸಿಬಿಲ್, ಅಂದ್ರ ಹಿಂದಿನ ಸಾಲ ಹೆಂಗ ಕಟ್ಟೀರಿ ಅನ್ನೋ ರಿಪೋರ್ಟು ಸ್ಕೋರು ತೆಗಿಸ್ತಾರ, ಅದು ರಿಪೋರ್ಟಿನ್ಯಾಗ ಎನ್‌ಕ್ವೈರಿ ಅಂತ ಉಳೀತೈತಿ, ಒಂದ ತಿಂಗ್ಳಾಗ ನಾಕೈದು ಕಂಡ್ರ ಮುಂದಿನ ಬ್ಯಾಂಕಿನಾಂವ "ಈ ಮನಷ್ಯಾಗ ರೊಕ್ಕದ ಭಾಳ ತಾಪತ್ರಯ ಐತಿ" ಅಂತ ತಿಳ್ಕೊಂತಾನ. ನೀವ ನಿಮ್ಮ ರಿಪೋರ್ಟ್ ನೋಡ್ಕೊಂಡ್ರ ಸ್ಕೋರ್ ಇಳಿಯಂಗಿಲ್ಲ, ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ರಿಪೋರ್ಟ್ ಇಡೋ ನಾಕೂ ಕಂಪನಿ ಕಡೆ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗತೈತಿ, ಅದನ್ನ ಮೊದ್ಲ ತೆಗೀರಿ, ಆ ರಿಜೆಕ್ಟ್ ಯಾಕಾತು ಅನ್ನೂದು ಅದರಾಗ ತಿಳಿದ್ರೂ ತಿಳೀಬೌದು. ಏನರ ತಪ್ಪು ಇದ್ರ ದೂರು ಹಾಕ್ರಿ, 30 ದಿನದಾಗ ಸರಿ ಮಾಡಲಿಲ್ಲಂದ್ರ ದಿನಕ್ಕ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮ ಐತಿ.

ಈಗ ನಿಮ್ಮ ಗೆಳ್ಯಾರ ಮಾತಿಗೆ ಬರೋಣು. ಅವರು ಹೇಳೂದ್ರಾಗ ಅರ್ಧ ಖರೆ ಐತಿ. ಬ್ಯಾಂಕು ನಂಬೂದು ಬಂದ ಪಗಾರನ್ನ, ಬರೋ ಪಗಾರನ್ನಲ್ಲ. ಮೂರು ತಿಂಗ್ಳ ಪಗಾರದ ಸ್ಲಿಪ್, ಆರು ತಿಂಗ್ಳ ಪಾಸ್‌ಬುಕ್ಕಿನ ಲೆಕ್ಕ, ಫಾರ್ಮ್ 16, ಇವನ್ನ ಕೇಳ್ತಾರ, ಇವು ಇವತ್ತು ನಿಮ್ಮ ಹತ್ರ ಅದಾವು, ಜುಲೈ 17ಕ್ಕ ಹೊಸ ಕಂಪನಿದು ಒಂದೂ ಇರಂಗಿಲ್ಲ. ಹಂಗಾಗಿ ಈಗ ಸಾಲ ಸಿಗೂದು ಸುಲಭ ಅನ್ನೂದು ಹೌದು. ಆದ್ರ ಸಿಗೂದು ಬ್ಯಾರೆ, ಕಟ್ಟೂದು ಬ್ಯಾರೆ.

ಲೆಕ್ಕ ಹಾಕಿ ನೋಡ್ರಿ. 3 ಲಕ್ಷ, 14 ಪರ್ಸೆಂಟ್ ಬಡ್ಡಿ, ಮೂರು ವರ್ಷ ಅಂದ್ರ ತಿಂಗಳ ಕಂತು ಸುಮಾರು 10,250. ಬೈಕಿಂದು ಕೂಡಿದ್ರ 13,350, ನಿಮ್ಮ 27,000ದಾಗ ಅರ್ಧಾ ಅಲ್ಲೇ ಹೋತು, ಬ್ಯಾಂಕಿನವ್ರೂ ಸಾಧಾರಣ ಇಷ್ಟಕ್ಕ ಕೈ ಬಿಗಿ ಹಿಡೀತಾರ. ನೀವು ಜೂನ್ 15ಕ್ಕ ರಿಸೈನ್ ಕೊಟ್ರಿ, ಜುಲೈ 15ಕ್ಕ ನೋಟಿಸ್ ಮುಗೀತು ಅನ್ರಿ. ರಿಸೈನ್ ಕೊಟ್ಟ ಮ್ಯಾಲ ಭಾಳ ಕಂಪನಿಯವ್ರು ನೋಟಿಸ್ ತಿಂಗಳ ಪಗಾರ ತಡೆಹಿಡಿದು ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿನ್ಯಾಗ ಕೊಡ್ತೀವಿ ಅಂತಾರ, ಕೆಲಸ ಬಿಟ್ಟ ಎರಡು ಕೆಲಸದ ದಿನದಾಗ ಕೊಡಬೇಕು ಅಂತ ವೇತನ ಸಂಹಿತೆ ಹೇಳತೈತಿ ಖರೆ, ಆದ್ರೂ ತಿಂಗ್ಳ, ಒಂದೂವರೆ ತಿಂಗ್ಳ ಅಡ್ಡಾಡಿಸೋರು ಅದಾರ. ಆಕಡೆ ಹೊಸ ಕಂಪನಿಯಾಗ ನೀವು 17ನೇ ತಾರೀಖಿಗೆ ಸೇರತೀರಿ, ಅವರ ಪೇರೋಲ್, ಅಂದ್ರ ಆ ತಿಂಗಳ ಪಗಾರದ ಲೆಕ್ಕ 15ಕ್ಕ ಬಂದ್ ಆಗಿದ್ರ ಜುಲೈದ ಅರ್ಧ ಪಗಾರ ಆಗಸ್ಟಿಂದ್ರ ಜೋಡಿನ ಬರ್ತೈತಿ, ಅಂದ್ರ ಆಗಸ್ಟ್ 31ಕ್ಕ. ಮೇ ತಿಂಗಳ ಪಗಾರ ಜೂನ್ 7ಕ್ಕ ಬಂದಿದ್ದ ಕಡೀದು ಅಂತ ತಿಳ್ಕೊಂಡ್ರ ನಡುವ ಹತ್ರಹತ್ರ ಮೂರು ತಿಂಗ್ಳ ಅಕೌಂಟಿಗೆ ಏನೂ ಇಲ್ಲ, ಇಎಂಐ ಮಾತ್ರ ಜುಲೈ 5ಕ್ಕೂ ಬರ್ತೈತಿ, ಆಗಸ್ಟ್ 5ಕ್ಕೂ ಬರ್ತೈತಿ. ಅಕೌಂಟ್ ಖಾಲಿ ಇದ್ರ ಸಾಲ ಕೊಟ್ಟಾಂವೂ ದಂಡ ಹಾಕ್ತಾನ, ಅಕೌಂಟ್ ಇರೋ ಬ್ಯಾಂಕೂ ದಂಡ ಹಾಕ್ತೈತಿ. ಇದನ್ನ ನಿಮ್ಮ ಗೆಳ್ಯಾರು ಹೇಳಿಲ್ಲ.

ನಾನು ಇಷ್ಟು ಕಡ್ಡಾಯ ಮಾಡಿ ಹೇಳೂದಕ್ಕ ಕಾರಣ ಐತಿ. ನಾನು ಬ್ಯಾಂಕಿನ್ಯಾಗ ಸಾಲದ ಟೇಬಲ್ಲಿಗೆ ಇದ್ದಾಗ ರಾಣೇಬೆನ್ನೂರ ಕಡೆ ಹುಡುಗ ಒಬ್ಬಾಂವ ಬಂದಿದ್ದ, ಆಫರ್ ಲೆಟರ್ ಪ್ಲಾಸ್ಟಿಕ್ ಕವರಿನ್ಯಾಗ ಹಾಕ್ಕೊಂಡು, ಅದರ ಮ್ಯಾಲ ಕುಂಕುಮ ಹಚ್ಚಿತ್ತು, ಅವರವ್ವ ಹಚ್ಚಿರಬೇಕು. ಹಳೇ ಕೆಲಸದ ಸ್ಲಿಪ್ ಎಲ್ಲಾ ಸರಿ ಇದ್ದು, ನಾನ ಸಹಿ ಮಾಡಿ ಪಾಸ್ ಮಾಡಿದೆ. ಎರಡನೇ ಪಾನಿನ ತಳದಾಗ ಸಣ್ಣ ಅಕ್ಷರದಾಗ "ಜಾಯಿನಿಂಗ್ ದಿನ ಬದಲು ಮಾಡೋ ಹಕ್ಕು ಕಂಪನಿಗೆ ಐತಿ" ಅಂತ ಇತ್ತು, ಅದನ್ನ ಅಂವನೂ ಓದಿರಲಿಲ್ಲ, ನಾನೂ ಓದಲಿಲ್ಲ. ಹಳೇ ಕೆಲಸ ಬಿಟ್ಟ ಮರು ವಾರ ಈಮೇಲ್ ಬಂತು, ಜಾಯಿನಿಂಗ್ ಮೂರು ತಿಂಗ್ಳ ಮುಂದ ಹೋತು, ಅಕೌಂಟ್ ಖಾಲಿ ಆಗಿ ಮೂರು ಕಂತು ಬೌನ್ಸ್ ಆದ್ವು. ಆಮ್ಯಾಲ ಕೆಲಸಾನೂ ಸಿಕ್ತು, ಸಾಲಾನೂ ತೀರಿಸಿದ, ಆದ್ರ ಆ ಮೂರು ಬೌನ್ಸ್ ರಿಪೋರ್ಟಿನ್ಯಾಗ ಕುಂತು, ಅದರಾಗ 36 ತಿಂಗಳ ಕಂತಿನ ಲೆಕ್ಕ ಕಾಣತೈತಿ, ಎರಡು ವರ್ಷದ ಮ್ಯಾಲ ಮನಿ ಸಾಲಕ್ಕ ಬಂದಾಗ ಅದನ್ನ ತೋರಿಸಿ ಬಡ್ಡಿ ಹೆಚ್ಚು ಹೇಳಿದ್ರು. ಅವತ್ತು ನಾನು ಎರಡನೇ ಪಾನು ಓದಿ "ತಮ್ಮಾ ಮೂರು ಕಂತು ತಗದಿಟ್ಟು ಸಾಲ ತಗೋ" ಅಂತ ಒಂದು ಮಾತು ಹೇಳಿದ್ರ ಸಾಕಿತ್ತು. ಆ ಕುಂಕುಮ ಹಚ್ಚಿದ ಕಾಗದ ನನಗ ಇನ್ನೂ ನೆನಪೈತಿ.

ನಿಮ್ಮ ಆಫರ್ ಲೆಟರೂ ಅಷ್ಟ ಲಕ್ಷ್ಯ ಕೊಟ್ಟು ಓದ್ರಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮ್ಯಾಲ ನೌಕರಿ ನಿಂತೈತೇನು, ಪ್ರೊಬೇಶನ್ ಎಷ್ಟು ತಿಂಗ್ಳ, ವೇರಿಯಬಲ್, ಅಂದ್ರ ತಿಂಗ್ಳಾ ಖಾತ್ರಿ ಬರದ, ಕೆಲಸ ನೋಡಿ ಕೊಡೋ ಪಾಲು ಎಷ್ಟು. 6 ಲಕ್ಷ ಅಂದ್ರ ತಿಂಗ್ಳಿಗೆ 50,000 ಅಲ್ಲ. ಅದರಾಗ 60,000 ವೇರಿಯಬಲ್ ಇದ್ರ, ಕಂಪನಿ ಕಡೆ ಪಿಎಫ್ 21,600, ಗ್ರಾಚುಟಿ 13,000ದ ಸುಮಾರು ತೆಗೆದ್ರ, ಮತ್ತ ನಿಮ್ಮ ಕಡೆ ಪಿಎಫ್ 1,800, ಪ್ರೊಫೆಶನಲ್ ಟ್ಯಾಕ್ಸ್ 200 ಹೋದ್ರ, ಕೈಗೆ ಬರೂದು 40,000ದ ಆಸುಪಾಸು. ಈ 40,000 ಹಿಡಕೊಂಡ ಯೋಚನೆ ಮಾಡ್ರಿ, 50,000 ಅಂತ ಹಿಡಿದು ಸಾಲ ಮಾಡೂದು ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದಂಗ.

ನನಗ ಕಂಡ ದಾರಿ ಇಷ್ಟ. ನಿಮ್ಮ 3 ಲಕ್ಷ ಒಂದ ಸಲಕ್ಕ ಬೇಕಾಗಿಲ್ಲ, ಸರಿಯಾಗಿ ನೋಡ್ರಿ. ಈಗ ಬೇಕಾಗಿದ್ದು ರೂಮಿನ ಅಡ್ವಾನ್ಸು, ಅದೂ ಮೊದ್ಲ ಎರಡು ಮೂರು ತಿಂಗ್ಳ ಪಿಜಿಯಾಗ ಇದ್ರ ಅದರ ಸಣ್ಣ ಪಾಲು ಸಾಕು. ಮದುವಿ ರೊಕ್ಕ ತುಳಸಿ ಲಗ್ನ ಮುಗಿದಮ್ಯಾಲ ಬೇಕು. ಅಷ್ಟೊತ್ತಿಗೆ ನಿಮ್ಮ ಕೈಯಾಗ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ಸ್ಲಿಪ್ ಇರ್ತಾವು, ಜೋಡಿ ನಾಕು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ರಿಲೀವಿಂಗ್ ಲೆಟರ್. ನವೆಂಬರ್ ಮೊದಲ ವಾರ ಹೊಸ ಪಗಾರದ ಅಕೌಂಟ್ ಇರೋ ಬ್ಯಾಂಕಿಗೇ ಮೊದ್ಲ ಹೋಗ್ರಿ. ಕೆಲವು ಬ್ಯಾಂಕಿನವ್ರು ಪ್ರೊಬೇಶನ್ ಮುಗೀಲಿ ಅಂತಾರ, ಕೆಲವರು ಒಟ್ಟು ಸರ್ವಿಸ್ ನೋಡಿ ಮೂರು ಸ್ಲಿಪ್ಪಿಗೆ ಕೊಡ್ತಾರ, ಅರ್ಜಿ ಹಾಕೂಕಿಂತ ಮೊದ್ಲ ಬಾಯಿಲೆ ಕೇಳ್ರಿ, ಬಾಯಿಲೆ ಕೇಳಿದ್ದು ಸಿಬಿಲ್ಲಿಗೆ ಹತ್ತಂಗಿಲ್ಲ. "ಆರು ತಿಂಗ್ಳ ಯಾರೂ ಕೊಡಂಗಿಲ್ಲ" ಅನ್ನೂದು ಎಲ್ಲಾರಿಗೂ ಹತ್ತೋ ಮಾತಲ್ಲ. ಅದ 13,350 ಅವತ್ತು 40,000ದಾಗ ಮೂರನೇ ಒಂದು ಪಾಲು ಅಷ್ಟ.

ಈಗಿನ ಅಡ್ವಾನ್ಸಿಗೆ ಮನಿಯಾಗ ಎಫ್‌ಡಿ ಇದ್ರ ಅದನ್ನ ಮುರೀದ ಅದರ ಮ್ಯಾಲ ಓವರ್‌ಡ್ರಾಫ್ಟ್ ಸಾಲ ತಗೋರಿ, ಇಲ್ಲಂದ್ರ ಬಂಗಾರದ ಸಾಲ, ಇವೆರಡಕ್ಕೂ ಪಗಾರದ ಸ್ಲಿಪ್ ಬೇಕಾಗೂದು ಕಡಿಮಿ. 2026ರ ಏಪ್ರಿಲ್ 1ರಿಂದ 2.5 ಲಕ್ಷದ ತನಕದ ಬಂಗಾರದ ಸಾಲಕ್ಕ ಬೆಲಿಯ 85 ಪರ್ಸೆಂಟ್ ತನಕ ಕೊಡಬೌದು ಅಂತ ನಿಯಮ ಬಂದೈತಿ, ಸಿಗತೈತಿ ಅಂತ ಅಷ್ಟೂ ಎತ್ತಬ್ಯಾಡ್ರಿ, ಬೇಕಾದ 50,000 ಅಷ್ಟ ಎತ್ರಿ. ಹಳೇ ಕಂಪನಿಯ ಸೆಟಲ್‌ಮೆಂಟ್ ಬಂದ ದಿನಾನ ಬಿಡಿಸ್ಕೊಳ್ರಿ, ಯಾಕಂದ್ರ ಮದುವಿ ದಿನ ಅವ್ವನ ಕೊಳ್ಳಾಗ ಸರ ಇರಬೇಕು. ಪಿಎಫ್ ರೊಕ್ಕ ಮಾತ್ರ ತೆಗೀಬ್ಯಾಡ್ರಿ, ಅದ ಯುಎಎನ್‌ಗೆ, ಅಂದ್ರ ನಿಮ್ಮ ಕಾಯಂ ಪಿಎಫ್ ನಂಬರಿಗೆ ಟ್ರಾನ್ಸ್‌ಫರ್ ಮಾಡ್ಸ್ರಿ.

ಪ್ರೀ ಅಪ್ರೂವ್ಡ್ ಮೆಸೇಜ್ ಬಗ್ಗೆ. ಅದು ನಿಮ್ಮ ಪಗಾರ ಜಮಾ ಆಗೂದನ್ನ ನೋಡಿ ಕಂಪ್ಯೂಟರ್ ಕಳಸಿದ್ದು, ಅಲ್ಲೇನೂ ಮೋಸ ಇಲ್ಲ, ಆದ್ರ ನೀವು ಕೆಲಸ ಬಿಡೂದು ಅದಕ್ಕ ಗೊತ್ತಿಲ್ಲ. ತಗೊಳ್ಳಾಕ ಬೇಕಂದ್ರ ಬ್ರ್ಯಾಂಚಿಗೆ ಹೋಗಿ ಇದ್ದದ್ದ ಹೇಳ್ರಿ, "ಜುಲೈದಾಗ ಬ್ಯಾರೆ ಕಡೆ ಸೇರಾಂವ ಅದೀನಿ, ಇಲ್ಲಿ ನೋಡ್ರಿ ಆಫರ್ ಲೆಟರ್" ಅಂತ. ಕೆಲಸದ ಬಗ್ಗೆ ಕೇಳಿದಾಗ ಮುಚ್ಚಿಟ್ಟು ಸಹಿ ಮಾಡಬ್ಯಾಡ್ರಿ, ಕೊಟ್ಟ ಮಾಹಿತಿ ಎಲ್ಲಾ ಖರೆ ಅಂತ ನೀವ ಬರಕೊಟ್ಟಿರ್ತೀರಿ, ಮತ್ತ ಅವರು ಎಚ್‌ಆರ್‌ಗೆ ಫೋನ್ ಹಚ್ಚಿ ಕೇಳೂದೂ ಐತಿ, ನೋಟಿಸಿನ್ಯಾಗ ಅದಾನ ಅಂತ ಆಕಡಿಂದ ಬಂದ್ರ ಸಾಲಾನೂ ಹೋತು ಮಾನಾನೂ ಹೋತು. ಹೇಳಿದಮ್ಯಾಲೂ ಕೊಟ್ರಂದ್ರ ಮೂರು ಕಂತು, ಅಂದ್ರ 31,000 ತಗದು ಬ್ಯಾರೆ ಅಕೌಂಟಿನ್ಯಾಗ ಇಟ್ಟು ಅದನ್ನ ಮುಟ್ಟಬ್ಯಾಡ್ರಿ. ಸಹಿಗಿಂತ ಮೊದ್ಲ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಇಸ್ಕೊಳ್ರಿ, 2024ರ ಅಕ್ಟೋಬರ್‌ದಿಂದ ರಿಟೇಲ್ ಸಾಲಕ್ಕೆಲ್ಲಾ ಕೊಡಲೇಬೇಕು, ಅದರಾಗ ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲಾ ಹಿಡಿದು ವರ್ಷಕ್ಕ ಒಟ್ಟು ಎಷ್ಟು ಬೀಳ್ತೈತಿ ಅನ್ನೋ ಎಪಿಆರ್ ಇರ್ತೈತಿ, ಮುಂಚೆ ತೀರಿಸಿದ್ರ ಚಾರ್ಜ್ ಎಷ್ಟು ಅದನ್ನೂ ನೋಡ್ರಿ.

ಪ್ರಶ್ನೆ: ಹಾವೇರಿಯಿಂದ ಬರಿಯಾಕತ್ತೇನ್ರಿ. ಮಗಳಿಗೆ ಧಾರವಾಡದಾಗ ಮೊದಲನೇ ನೌಕರಿ, ಮುಂದಿನ ತಿಂಗ್ಳ ಸೇರ್ತಾಳ, ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ತಂಗಿ ಮನಿಯಾಗ ಇರ್ತಾಳ. ಸ್ಕೂಟಿಗೆ ಸಾಲ ಕೇಳಿದ್ರ ಸಿಬಿಲ್ ಇಲ್ಲ ಅಂದ್ರು. ಹೆಂಗ ಮಾಡೂದ್ರಿ?

ಉತ್ತರ: ಅಕ್ಕಾರ, ಸಾಲಾನ ಮಾಡದಾಕಿಗೆ ಸ್ಕೋರ್ ಎಲ್ಲಿಂದ ಬರಬೇಕು. ಹಿಂದ ಸಾಲದ ದಾಖಲೆ ಇಲ್ಲ ಅನ್ನೋ ಒಂದ ಕಾರಣಕ್ಕ ಮೊದಲ ಸಲ ಕೇಳೋರ ಅರ್ಜಿ ತಿರಸ್ಕರಿಸಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳೈತಿ, ಅದನ್ನ ಸಮಾಧಾನದಿಂದ ಮ್ಯಾನೇಜರ್ ಮುಂದ ಹೇಳ್ರಿ. ಆದ್ರ ಪಗಾರ ಶುರು ಆಗೂಕಿಂತ ಮೊದ್ಲ ಅಕಿ ಒಬ್ಬಾಕಿ ಹೆಸರಿಗೆ ಕೊಡೂದು ಕಷ್ಟ, ನೀವೋ ಯಜಮಾನ್ರೋ ಜೋಡಿ ಅರ್ಜಿದಾರ ಆದ್ರ ಆಗಬೌದು, ಆಗ ಕಂತು ತಪ್ಪಿದ್ರ ನಿಮ್ಮ ಸಿಬಿಲ್ಲಿಗೂ ಹತ್ತತೈತಿ ಅನ್ನೂದು ತಲಿಯಾಗಿರ್ಲಿ. ಶೋರೂಮಿನ್ಯಾಗ ಕುಂತ ಫೈನಾನ್ಸಿನವ್ರು ಐದು ನಿಮಿಷದಾಗ ಮಾಡಿಕೊಡ್ತೀವಿ ಅಂತಾರ, ಅವರದೂ ಬ್ಯಾಂಕಿಂದೂ ಎಪಿಆರ್ ಬಾಜೂಕ ಇಟ್ಟು ನೋಡ್ರಿ, ಕಂತು ಎಷ್ಟು ಅಂತಷ್ಟ ಕೇಳಬ್ಯಾಡ್ರಿ. ನನ್ನ ಕೇಳಿದ್ರ ಅಕಿ ಮೂರು ಪಗಾರ ಎಣಿಸ್ಲಿ, ಅದರಾಗಿಂದು ಡೌನ್ ಪೇಮೆಂಟ್ ಹೆಚ್ಚು ಕಟ್ಲಿ, ಆಮ್ಯಾಲ ಅಕಿ ಹೆಸರಿಲೇನ ಸಾಲ ಆಗ್ಲಿ. ಅಲ್ಲೀತನಕ ಹುಬ್ಬಳ್ಳಿ ಧಾರವಾಡದ ನಡುವ ಚಿಗರಿ ಬಸ್ ಐತಲ್ರಿ, ವಿದ್ಯಾನಗರದಾಗ ಹತ್ತಿದ್ರ ಸೀದಾ ಧಾರವಾಡಕ್ಕ ಇಳಿತಾಳ.