ಹೈಲ್ಯಾಂಡ್‌ಗೆ ಹೊರಟಿರೋ ಮಂಡ್ಯದ ತಂಗಿಗೆ

ತಂಗಿ, ನೀನು ಮಂಡ್ಯದಲ್ಲಿ ನರ್ಸ್. ಸ್ಕಾಟ್ಲೆಂಡಿನ ಹೈಲ್ಯಾಂಡ್‌ನಲ್ಲಿ ಕೆಲಸ ಸಿಕ್ಕಿದೆ. 'ಬೆಟ್ಟದ ಸೀಮೆಯಂತೆ ಅಣ್ಣ, ಹಳ್ಳಿ ಕಡೆಯವರಾದ ನಮಗೆ ಒಗ್ಗುತ್ತಾ, ನಮ್ಮ ಯಜಮಾನರಿಗೂ ಏನಾದರೂ ಕೆಲಸ ಸಿಗುತ್ತಾ' ಅಂತ ಕೇಳಿದ್ದೀಯ. ನಾನು ಪಾಂಡವಪುರದವನು. ಇಲ್ಲಿನ ಇನ್ವರ್ನೆಸ್‌ನಲ್ಲಿ ಮನೆ ಮಾಡಿ ಬಹಳ ವರ್ಷವಾಯಿತು.

ಹಳ್ಳಿಯಲ್ಲಿ ಬೆಳೆದಿದ್ದೇನೆ ಅನ್ನೋ ಧೈರ್ಯ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಮಂಡ್ಯ ಜಿಲ್ಲೆ 4,961 ಚದರ ಕಿ.ಮೀ., 2011ರ ಜನಗಣತಿಯಲ್ಲಿ 18 ಲಕ್ಷ ಜನ. ಇಲ್ಲಿ ಉತ್ತರಕ್ಕಿರುವ ಸದರ್ಲೆಂಡ್ ಸೀಮೆ ಅದಕ್ಕಿಂತ ತುಸು ದೊಡ್ಡದೇ. ಜನ ಎಷ್ಟು ಗೊತ್ತಾ? 13 ಸಾವಿರದ ಆಸುಪಾಸು. ವೈರಮುಡಿ ದಿನ ಮೇಲುಕೋಟೆಯ ಒಂದೆರಡು ಬೀದಿಯಲ್ಲೇ ಅಷ್ಟು ಜನ ಸಿಗುತ್ತಾರೆ. ಇಡೀ ಹೈಲ್ಯಾಂಡ್ ಸೇರಿಸಿದರೂ 25,600 ಚದರ ಕಿ.ಮೀ.ಗೆ ಸುಮಾರು 2.35 ಲಕ್ಷ ಜನ. ಸ್ಕಾಟ್ಲೆಂಡಿನ ನೆಲದಲ್ಲಿ ಮೂರನೇ ಒಂದು ಪಾಲು ಇದು!

ನೆಲ ಬರಡು ಅಂತ ಮಾತ್ರ ಹೀಗಾಗಿದ್ದಲ್ಲ. 18, 19ನೇ ಶತಮಾನದಲ್ಲಿ ಕುರಿ ಮೇಯಿಸಿದರೆ ಲಾಭ ಜಾಸ್ತಿ ಅಂತ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿ ಓಡಿಸಿದರು. ಎಷ್ಟೋ ಜನ ಕೆನಡಾಕ್ಕೆ ಹಡಗು ಹತ್ತಿದರು. ಇನ್ನೆಷ್ಟೋ ಜನಕ್ಕೆ ದಕ್ಕಿದ್ದು ಸಮುದ್ರದ ಅಂಚಿನ ತುಂಡು ನೆಲ. 1886ರಲ್ಲಿ ಕಾಯ್ದೆ ಬಂದ ಮೇಲೆ ಅವರನ್ನು ಮನಸ್ಸಿಗೆ ಬಂದ ಹಾಗೆ ಎಬ್ಬಿಸುವುದು ನಿಂತಿತು. ಆ ಸಣ್ಣ ಹಿಡುವಳಿಗಳಿಗೆ ಕ್ರಾಫ್ಟ್ ಅಂತಾರೆ. ಹಿಡುವಳಿ ಜೊತೆಗೆ ಊರವರೆಲ್ಲರ ಕುರಿ ಮೇಯಲು ಗೋಮಾಳವೂ ಉಂಟು. ಬರೀ ಅದರಲ್ಲಿ ಸಂಸಾರ ನಡೆಯದು, ಹೊರಗಿನ ದುಡಿಮೆ ಬೇಕೇ ಬೇಕು. ಕಬ್ಬು, ಭತ್ತದ ಮಾತೇ ಇಲ್ಲ. ನೀರಿಗೆ ಮಾತ್ರ ಬರ ಇಲ್ಲ. ಲಾಕ್ ನೆಸ್ ಸರೋವರದ ದಡದ ಫಾಯರ್ಸ್ ಅನ್ನೋ ಹಳ್ಳಿಯಲ್ಲಿ 1896ರಲ್ಲೇ ಜಲವಿದ್ಯುತ್ತಿನಿಂದ ಅಲ್ಯೂಮಿನಿಯಂ ತಯಾರಾಗುತ್ತಿತ್ತು. ನಮ್ಮ ಶಿವನಸಮುದ್ರ ಶುರುವಾಗಿದ್ದು 1902ರಲ್ಲಿ. (ಆರು ವರ್ಷ ಹಿಂದೆ ಬಿದ್ದೆವು, ಪರವಾಗಿಲ್ಲ.)

ಬೆಟ್ಟಕ್ಕೆ ಹೆದರಬೇಡ. ಬ್ರಿಟನ್ನಿಗೇ ಎತ್ತರವಾದ ಬೆನ್ ನೆವಿಸ್ 1,345 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳು. ಕಷ್ಟ ಕೊಡುವುದು ಕತ್ತಲು. ಡಿಸೆಂಬರಿನಲ್ಲಿ ಹಗಲು ಆರೂವರೆ ಗಂಟೆ ಅಷ್ಟೆ. ಡ್ಯೂಟಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಜೂನಿನಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ, ಮಕ್ಕಳು ಮಲಗುವುದೇ ಇಲ್ಲ.

ಯಜಮಾನರ ಕೆಲಸದ ವಿಷಯ. ಪ್ರವಾಸಿಗರ ಹೋಟೆಲ್, ವಿಸ್ಕಿ, ಸಾಲ್ಮನ್ ಮೀನು ಸಾಕಣೆ, ಗಾಳಿ ವಿದ್ಯುತ್, ಕಾಡು, ಇಷ್ಟರ ಮೇಲೆ ಇಲ್ಲಿನ ಬದುಕು ನಿಂತಿದೆ. ಹೋಟೆಲ್ ಕೆಲಸ ಹೆಚ್ಚಾಗಿ ಬೇಸಿಗೆಗೆ ಮಾತ್ರ. ಗಟ್ಟಿ ಸಂಬಳ ಅಂದರೆ ಆಸ್ಪತ್ರೆ, ಕೌನ್ಸಿಲ್‌ (ಇಲ್ಲಿನ ಸ್ಥಳೀಯ ಆಡಳಿತ) ಇಂಥ ಸರ್ಕಾರಿ ಕೆಲಸ. ಹುಡುಗರು ಓದಿ ದಕ್ಷಿಣದ ಊರುಗಳಿಗೆ ಹೋಗುತ್ತಾರೆ, ಉಳಿದವರಲ್ಲಿ ವಯಸ್ಸಾದವರು ಜಾಸ್ತಿ. ನಿನ್ನಂಥವರನ್ನು ಕರೆಯುವುದೂ ಅದಕ್ಕೇ ಅಲ್ವಾ? ಆದರೆ ಬಾಡಿಗೆ ಮನೆ ಸಿಗುವುದು ಕಷ್ಟ. ಎಷ್ಟೋ ಮನೆಗಳನ್ನು ಪ್ರವಾಸಿಗರಿಗೇ ಬಿಡುತ್ತಾರೆ.

ಈಗ ಮುಖ್ಯ ಮಾತು. ಹೈಲ್ಯಾಂಡ್ ಅಂದರೆ ಸಾಲದು, ಯಾವ ಊರು ಅಂತ ಕೇಳು. ಇನ್ವರ್ನೆಸ್ ಆದರೆ ಯೋಚನೆ ಇಲ್ಲ. ಮೈಸೂರಿನ ಮುಂದೆ ಚಿಕ್ಕದು, ಆದರೂ ರೈಲು, ವಿಮಾನ, ಇಂಡಿಯನ್ ಸಾಮಾನು ಎಲ್ಲ ಉಂಟು. ವಿಕ್ ಅನ್ನೋ ಸಣ್ಣ ಊರಾದರೆ ಇಲ್ಲಿಂದ ಇನ್ನೂ ಸುಮಾರು 160 ಕಿ.ಮೀ. ಉತ್ತರಕ್ಕೆ. ಆ ಕಡೆಯ ಬಸುರಿಯರಲ್ಲಿ ಹೆಚ್ಚಿನವರು ಹೆರಿಗೆಗೆ ಇನ್ವರ್ನೆಸ್‌ಗೇ ಬರುತ್ತಾರೆ. ದೂರ ಅಂದರೆ ಏನು ಅಂತ ನರ್ಸ್‌ಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿಲ್ಲದೆ ಅಲ್ಲಿ ಆಗುವುದಿಲ್ಲ. ನಮ್ಮ ಲೈಸೆನ್ಸ್ ಇಲ್ಲಿ ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಇಲ್ಲಿಯದು ಮಾಡಿಸಬೇಕು. ಹಾಗಾಗಿ ಇಬ್ಬರೂ ಹೊರಡೋ ಮುಂಚೆ ಊರಲ್ಲೇ ಕಾರು ಕಲಿತು ಬನ್ನಿ. ವಿಕ್ ಅಂತ ಇದ್ದರೆ ಸಹಿ ಹಾಕುವ ಮೊದಲು ಹೇಳು, ಅಲ್ಲಿ ಕೆಲಸ ಮಾಡುವ ನಮ್ಮ ಕಡೆಯವರ ಹತ್ತಿರ ಮಾತಾಡಿಸುತ್ತೇನೆ.